ಒಂದೂ ಕೆಟ್ಟ ಬೀಡಿ ಇಲ್ಲದ ಕಟ್ಟು

ಫ್ಲೆಕ್ಸಿನಲ್ಲಿ ಪವಿತ್ರನ್ ಬಾಯಿ ಮುಚ್ಚಿಕೊಂಡಿದ್ದ. ಕೌಸುವಿಗೆ ಆ ದಿನದ ಮೊದಲ ಸಿಟ್ಟು ಬಂದದ್ದು ಅದನ್ನು ನೋಡಿ.

ಬೀಡಿ ಸೊಸೈಟಿಯ ಗೇಟಿನ ಪಕ್ಕ ಎರಡು ಬಿದಿರಿನ ಗಳುಗಳ ನಡುವೆ ಅವನನ್ನು ಬಿಗಿದು ನಿಲ್ಲಿಸಿದ್ದರು. ಕೆಳಗೆ ದೊಡ್ಡ ಅಕ್ಷರದಲ್ಲಿ 'ಮರೆಯಲಾಗದ ದನಿಗೆ ಕಣ್ಣೀರಿನ ನಮನ'. ಅದರ ಕೆಳಗೆ ಸೆಕ್ರೆಟರಿ ಸುಗತನ್‌ನ ಹೆಸರು, 'ದನಿ'ಯ ಅಕ್ಷರಗಳಿಗಿಂತ ಒಂದೇ ಒಂದು ಅಳತೆ ಸಣ್ಣದು. ಫೋಟೋ ಎಲ್ಲಿಂದ ಸಿಕ್ಕಿತು ಎಂದು ಕೌಸು ಯೋಚಿಸಬೇಕಾಗಲಿಲ್ಲ. ಅದು ಗುರುತಿನ ಚೀಟಿಯದು. ಸ್ಟುಡಿಯೋದವನು ಗದರಿಸಿ ಬಾಯಿ ಮುಚ್ಚಿಸಿರಬೇಕು. ಪವಿತ್ರನ್‌ನ ಮದುವೆಯ ಫೋಟೋದಲ್ಲಿ ಕೂಡ ಅವನು ಮಾವನಿಗೆ ಏನೋ ವಿವರಿಸುತ್ತಿದ್ದಾನೆ, ಮಾವ ಕ್ಯಾಮೆರಾ ಬಿಟ್ಟು ಅಳಿಯನ ಕಡೆ ಗಾಬರಿಯಿಂದ ನೋಡುತ್ತಿದ್ದಾನೆ. ಅಂಥವನನ್ನು ಹುಡುಕಿ ಹುಡುಕಿ ಬಾಯಿ ಮುಚ್ಚಿದ ಫೋಟೋದಲ್ಲಿ ಹಾಕಿದ್ದರು.

"ನೋಡು, ಹೆಣಕ್ಕೂ ಗುರುತಿನ ಚೀಟಿ ಫೋಟೋ," ಎಂದಳು ಕೌಸು.

ಜೊತೆಗಿದ್ದ ನಳಿನಿ ಅವಳ ಮೊಣಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು. ನಳಿನಿ ಶೆಡ್ಡಿನಲ್ಲಿ ಕೌಸುವಿನ ಪಕ್ಕದವಳು, ವಯಸ್ಸಿನಲ್ಲಿ ಚಿಕ್ಕವಳು, ಬುದ್ಧಿ ಹೇಳುವುದರಲ್ಲಿ ದೊಡ್ಡವಳು. ದಾರಿಯುದ್ದಕ್ಕೂ ಅವಳು ಹೇಳಿಕೊಂಡು ಬಂದದ್ದು ಒಂದೇ: ಕೌಸೇಚ್ಚಿ, ಅಕ್ಕಾ, ನಿಮ್ಮ ನಿವೃತ್ತಿಗೆ ಇನ್ನು ಎಷ್ಟು ದಿನ, ಸುಮ್ಮನೆ ಇದ್ದುಬಿಡಿ, ಹೋದವರೇನು ಎದ್ದು ಬರುತ್ತಾರಾ. ಎದ್ದು ಬಂದರೆ ಮೊದಲು ನಿನ್ನ ಕೆನ್ನೆಗೇ ಬಾರಿಸುತ್ತಿದ್ದರು ಎಂದು ಕೌಸು ಹೇಳಿದ್ದಳು.

ಶೆಡ್ಡಿನಲ್ಲಿ ಓದುವವನೊಬ್ಬ ಇರುವುದು ಕಣ್ಣೂರಿನ ಸುತ್ತ ಯಾರಿಗೂ ವಿಶೇಷವಲ್ಲ. ಬೀಡಿ ಕಟ್ಟುವವರಿಗೆ ಎರಡು ಕೈಯೂ ಬೇಕು, ಎರಡು ಕಣ್ಣೂ ಬೇಕು. ಬಿಡುವಾಗಿರುವುದು ಕಿವಿ ಮಾತ್ರ. ಆ ಕಿವಿಗೆ ಬೆಳಿಗ್ಗೆ ಪೇಪರು, ಊಟವಾದ ಮೇಲೆ ಕಾದಂಬರಿ. ಓದುವವನು ಬೀಡಿ ಕಟ್ಟುವುದಿಲ್ಲ, ಅವನ ಪಾಲಿನದನ್ನು ಉಳಿದವರು ಕಟ್ಟುತ್ತಾರೆ. ನೀರು ಕುಡಿಯಲು ಎದ್ದವರು, ಎಲೆ ತರಲು ಹೊರಟವರು ಅವನ ಸ್ಟೂಲಿನ ಕಾಲ ಬಳಿಯ ಮೊರಕ್ಕೆ ನಾಲ್ಕೈದು ಬೀಡಿ ಹಾಕಿ ಮುಂದೆ ಹೋಗುವರು. ಯಾರು ಹಾಕಿದರು, ಯಾರು ಹಾಕಲಿಲ್ಲ ಎಂದು ನೋಡುವ ಅಭ್ಯಾಸ ಇರಲಿಲ್ಲ. ಸಂಜೆಗೆ ಮೊರ ತುಂಬಿರುತ್ತಿತ್ತು.

ಪವಿತ್ರನ್ ಆ ಸ್ಟೂಲಿನ ಮೇಲೆ ಕೂತದ್ದು ಮೀಸೆ ಕಪ್ಪಗಿದ್ದಾಗ. ಅವನ ಮೊದಲು ಓದುತ್ತಿದ್ದ ಮುದುಕನ ಹಲ್ಲು ಉದುರಿ, ಮಂತ್ರಿಗಳ ಹೆಸರೆಲ್ಲ ಒಂದೇ ತರಹ ಕೇಳಿಸತೊಡಗಿದಾಗ. ಪೇಪರು ಬಿಡಿಸಿದರೆ ಅವನು ಮೊದಲು ತೆರೆಯುತ್ತಿದ್ದದ್ದು ಮರಣದ ಪುಟ. ಒಂದೊಂದೇ ಹೆಸರು, ಊರು, ಬಿಟ್ಟುಹೋದ ಮಕ್ಕಳು ಅಳಿಯಂದಿರು, ಎಲ್ಲವನ್ನೂ ಸಾವಕಾಶ ಓದಿ, ಕನ್ನಡಕದ ಮೇಲಿಂದ ಇಡೀ ಶೆಡ್ಡನ್ನು ಒಮ್ಮೆ ನೋಡಿ ಹೇಳುವನು: "ನಮ್ಮವರು ಯಾರೂ ಇಲ್ಲ. ಹಾಗಾದರೆ ಬದುಕಿದ್ದೇವೆ. ಕತ್ತರಿ ಎತ್ತಿ." ಅದು ಗಂಟೆ ಹೊಡೆದ ಹಾಗೆ. ಆಮೇಲೆ ಸುದ್ದಿ. ತನ್ನ ಪಾರ್ಟಿಯ ಪೇಪರನ್ನು ಸ್ವಂತ ದನಿಯಲ್ಲಿ, ಎದುರು ಪಾರ್ಟಿಯದನ್ನು ಮೂಗಿನಲ್ಲಿ ಓದುತ್ತಿದ್ದ. ಎದುರು ಪಾರ್ಟಿಯವರು ದೂರು ಕೊಟ್ಟ ಮೇಲೆ ಎರಡನ್ನೂ ಮೂಗಿನಲ್ಲಿ ಓದತೊಡಗಿದ. ಆಗ ಅವನ ಪಾರ್ಟಿಯವರೂ ದೂರು ಕೊಟ್ಟರು.

ಕೌಸುವಿಗೆ ಮೊದಲ ಹೆರಿಗೆಯ ನೋವು ಕಾಣಿಸಿಕೊಂಡದ್ದು ಒಂದು ಕಾದಂಬರಿಯ ನಟ್ಟನಡುವೆ. ಕತೆಯ ಹುಡುಗಿ ಮನೆಯವರ ಕಾಟ ತಡೆಯಲಾರದೆ ಬಾವಿಕಟ್ಟೆ ಹತ್ತಿ ನಿಂತಿದ್ದಳು. ಇಲ್ಲಿ ಕೌಸು ಮೊರ ಬದಿಗಿಟ್ಟು ಸೊಂಟ ಹಿಡಿದುಕೊಂಡಳು. ಬಾಣಂತನ ಮುಗಿಸಿ ಅವಳು ಹಿಂದಿರುಗಿದಾಗ ಶೆಡ್ಡಿನ ಹೆಂಗಸರೆಲ್ಲ ಅವಳ ಮೇಲೆ ಹರಿಹಾಯ್ದರು. ಪವಿತ್ರನ್ ಪುಸ್ತಕವನ್ನು ಅದೇ ಪುಟದಲ್ಲಿ ಮುಚ್ಚಿಟ್ಟು, ಅಷ್ಟೂ ದಿನ ಯಾರದೋ ಪ್ರವಾಸಕಥನ ಓದಿ ಎಲ್ಲರ ಜೀವ ತಿಂದಿದ್ದ. "ನೀನು ತೊಟ್ಟಿಲು ತೂಗ್ತಾ ಕೂತೆ, ಆ ಪಾಪದ ಹುಡುಗಿ ಬಾವಿಕಟ್ಟೆ ಮೇಲೇ ನಿಂತಿದ್ದಾಳೆ. ಕಾಲು ನೋಯಲ್ವಾ ಅವಳಿಗೆ?" ಎಂದು ಅವನು ಅಲ್ಲಿಂದಲೇ ಓದು ಶುರು ಮಾಡಿದ. ಹುಡುಗಿ ಕಟ್ಟೆ ಇಳಿದಳು. ಕೌಸು ಅತ್ತಳು. ಮನೆಯಲ್ಲಿ ಗಂಡ ಕೂಡ ಅವಳಿಗಾಗಿ ಅನ್ನಕ್ಕೆ ಕಾದವನಲ್ಲ.

ಇಂಥ ಶೆಡ್ಡಿಗೆ ಸುಗತನ್ ಸೆಕ್ರೆಟರಿಯಾಗಿ ಬಂದ. ಹೊರಗಿನವನಲ್ಲ, ಅವನ ಅಮ್ಮ ಇದೇ ಶೆಡ್ಡಿನಲ್ಲಿ ಕೌಸುವಿನ ಎದುರು ಸಾಲಿನಲ್ಲಿ ಕೂತು ಬೀಡಿ ಕಟ್ಟಿ ಅವನನ್ನು ಓದಿಸಿದ್ದಳು. ಅವನಿಗೆ ಶೆಡ್ಡಿನ ಒಂದು ವಿಷಯ ಅರ್ಥವಾಗಲಿಲ್ಲ. ಬೀಡಿ ಕಟ್ಟದವನ ಹೆಸರಿನಲ್ಲಿ ಪ್ರತಿದಿನ ಬೀಡಿ ಹೇಗೆ ಬರುತ್ತದೆ? ಮೇಲಿನವರು ಕೇಳಿದರೆ ಏನು ಹೇಳುವುದು? ಸಾಮಾನ್ಯ ಸಭೆ ಕರೆದು, ಬಹಳ ನಯವಾಗಿ, ಇನ್ನು ಮೇಲೆ ಅವರವರ ಕೈಕೆಲಸ ಅವರವರದೇ ಎಂದು ತೀರ್ಮಾನ ಮಾಡಿಸಿದ. ಓದು ನಿಂತಿತು. ಗೋಡೆಗೆ ಒಂದು ಸ್ಪೀಕರ್ ಪೆಟ್ಟಿಗೆ ಬಂತು. ಅದರಲ್ಲಿ ಬೆಳಗಿನಿಂದ ಸಂಜೆವರೆಗೆ ಸಿನಿಮಾ ಹಾಡು, ಹಾಡಿನ ನಡುವೆ ಚಿನ್ನದಂಗಡಿಯ ಜಾಹೀರಾತು. ಮೂಗಿಗೆ ಹೊಗೆಸೊಪ್ಪಿನ ಪುಡಿ ಮೆತ್ತಿಕೊಂಡ ಹೆಂಗಸರಿಗೆ, ಈ ಅಕ್ಷಯ ತೃತೀಯಕ್ಕೆ ವಜ್ರದ ಮೂಗುಬೊಟ್ಟು ಕೊಳ್ಳಲು ಮರೆಯಬೇಡಿ ಎಂದು ಅದು ದಿನವಿಡೀ ನೆನಪಿಸಿತು.

ಪವಿತ್ರನ್‌ಗೆ ಒಂದು ಮೊರ, ಒಂದು ಕತ್ತರಿ, ಎಲೆ ಕತ್ತರಿಸುವ ತಗಡಿನ ಅಚ್ಚು ಕೊಟ್ಟು ಸಾಲಿನಲ್ಲಿ ಕೂರಿಸಿದರು. ಅವನು ನಕ್ಕ. ಇಷ್ಟು ವರ್ಷ ನಿಮ್ಮ ಕಿವಿ ತಿಂದೆ, ಇನ್ನು ಎಲೆ ನನ್ನ ಬೆರಳು ತಿನ್ನಲಿ ಎಂದ. ಆದರೆ ಆ ಬೆರಳುಗಳಿಗೆ ಪುಟ ತಿರುವುವುದು ಬಿಟ್ಟು ಬೇರೆಲ್ಲ ಮರೆತುಹೋಗಿತ್ತು. ಅವನು ಕಟ್ಟಿದ ಬೀಡಿಗಳಿಗೆ ಹೊಟ್ಟೆ ಬರುತ್ತಿತ್ತು. 'ಬಸುರಿ ಬೀಡಿ' ಎಂದು ಹೆಸರಿಟ್ಟವಳು ನಳಿನಿ. ಅದಕ್ಕೆ ಅವನು, ಎಲ್ಲ ಹೆತ್ತ ಮೇಲೆ ಲೆಕ್ಕ ಸರಿಹೋಗುತ್ತೆ ಬಿಡು ಎಂದಿದ್ದ. ಚೆಕ್ಕರ್ ಭರತನ್ ದಿನಾ ಸಂಜೆ ಅವನ ಕಟ್ಟುಗಳಲ್ಲಿ ಅರ್ಧದಷ್ಟನ್ನು ಮುರಿದು ಬದಿಗೆ ಹಾಕುತ್ತಿದ್ದ. ಮುರಿಯುವಾಗ ಅವನು ಪವಿತ್ರನ್‌ನ ಮುಖ ನೋಡುತ್ತಿರಲಿಲ್ಲ.

ಅದನ್ನು ನೋಡಲಾರದೆ ಹೆಂಗಸರು ಹಳೆಯ ಅಭ್ಯಾಸಕ್ಕೆ ಮರಳಿದರು. ನೀರಿಗೆ ಎದ್ದವರು, ಎಲೆಗೆ ಹೊರಟವರು, ಅವನ ಮೊರದ ಬಳಿ ಸೆರಗು ಸರಿಮಾಡಿಕೊಂಡು ಮುಂದೆ ಹೋದರು. ಅವನ ಬಸುರಿ ಬೀಡಿಗಳನ್ನು ಕೌಸುವೇ ಮೆಲ್ಲನೆ ಹೆಕ್ಕಿ ತನ್ನ ಮಡಿಲಿಗೆ ಹಾಕಿಕೊಂಡಳು. ತಪ್ಪಾದದ್ದು ಅಲ್ಲೇ. ಅವನಿಗೆ ಕೊಡುವುದು ಎಂದರೆ ಯಾರಾದರೂ ಕೆಟ್ಟದ್ದು ಕೊಡುತ್ತಾರೆಯೇ? ಒಬ್ಬೊಬ್ಬಳೂ ತನ್ನ ಮೊರದಲ್ಲಿ ಕೈಯಾಡಿಸಿ, ಬೆನ್ನು ನೆಟ್ಟಗಿರುವ, ತಲೆ ಹೂವಿನ ಮೊಗ್ಗಿನಂತೆ ಮಡಚಿದ, ನೂಲು ಕೂದಲೆಳೆಯಷ್ಟೂ ಜಾರದ ಬೀಡಿಗಳನ್ನೇ ಆರಿಸಿ ಆರಿಸಿ ಹಾಕಿದಳು. ಆ ಸಂಜೆ ಪವಿತ್ರನ್ ಭರತನ್‌ನ ಮುಂದೆ ಇಟ್ಟ ಕಟ್ಟು, ಆ ಶೆಡ್ಡು ಕಟ್ಟಿದಂದಿನಿಂದ ಯಾರೂ ಇಟ್ಟಿರದಂಥ ಕಟ್ಟು. ಅದರಲ್ಲಿ ಒಂದೂ ಕೆಟ್ಟ ಬೀಡಿ ಇರಲಿಲ್ಲ.

ಚೆಕ್ಕರ್‌ಗೆ ಒಬ್ಬೊಬ್ಬರ ಕೈಯ ಗುರುತೂ ಗೊತ್ತಿರುತ್ತದೆ, ಅತ್ತೆಗೆ ಸೊಸೆಯಂದಿರ ಸಾರಿನ ಗುರುತು ಗೊತ್ತಿರುವ ಹಾಗೆ. ಭರತನ್ ಕಟ್ಟನ್ನು ತಿರುಗಿಸಿ ನೋಡಿದ. ಪಕ್ಕದಲ್ಲಿ ಸುಗತನ್ ನಿಂತಿದ್ದ. "ಇದು ಒಬ್ಬರ ಕೈಯದಲ್ಲ," ಎಂದುಬಿಟ್ಟ ಭರತನ್.

ಸುಗತನ್ ಕೂಗಾಡಲಿಲ್ಲ. ಅವನು ಕೂಗಾಡುವವನಲ್ಲ. ಪವಿತ್ರೇಟ್ಟ, ಅಣ್ಣಾ, ಬೇಸರ ಮಾಡಿಕೊಳ್ಳಬೇಡಿ, ಎಲ್ಲರ ಮುಂದೆ ಒಂದೇ ಒಂದು ಕಟ್ಟಿ ತೋರಿಸಿಬಿಡಿ, ಮಾತು ಮುಗಿಯುತ್ತದೆ ಎಂದ. ಓದುವ ಸ್ಟೂಲನ್ನೇ ಮಧ್ಯಕ್ಕೆ ತಂದು ಹಾಕಿದರು. ಪವಿತ್ರನ್ ಕೂತ. ಮೊದಲನೆಯ ಎಲೆ ಹರಿಯಿತು. ಎರಡನೆಯದರಲ್ಲಿ ಪುಡಿ ಲುಂಗಿಯ ಮೇಲೆ ಚೆಲ್ಲಿತು. ಮೂರನೆಯದು ಬೀಡಿ ಎನ್ನಬಹುದಾದ ಏನೋ ಒಂದಾಯಿತು. ಅದನ್ನು ಬೆಳಕಿಗೆ ಹಿಡಿದು, ಸುದ್ದಿ ಓದುವ ದನಿಯಲ್ಲಿ, "ನಮ್ಮ ವರದಿಗಾರರಿಂದ. ತಾಯಿ, ಮಗು ಇಬ್ಬರೂ ಕ್ಷೇಮ," ಎಂದ.

ಯಾರೂ ನಗಲಿಲ್ಲ. ಅವನು ಹೇಳಿದ್ದಕ್ಕೆ ಆ ಶೆಡ್ಡು ನಗದೆ ಇದ್ದದ್ದು ಅದೇ ಮೊದಲು. ಅವನು ಸುತ್ತಲೂ ಒಮ್ಮೆ ನೋಡಿ, ಲುಂಗಿ ಕೊಡವಿಕೊಂಡು ಹೊರಟುಹೋದ.

ಮತ್ತೆ ಬರಲಿಲ್ಲ. ಕೌಸು ಒಂದು ದಿನ ಪೇಪರು ಹಿಡಿದುಕೊಂಡು ಅವನ ಮನೆಗೆ ಹೋದಳು. ಜಗಲಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದ. ಹೆಂಡತಿ ಸತಿ ಹಾಲಿಲ್ಲದ ಕಟ್ಟನ್ ಚಹಾ ತಂದಿಟ್ಟು, ಬಾಗಿಲ ಹಿಂದೆ ನಿಂತು ಸನ್ನೆಯಲ್ಲೇ ಹೇಳಿದಳು, ಮಾತೇ ಇಲ್ಲ ಎಂದು. ಪೇಪರು ಕೊಟ್ಟರೆ ಅವನು ತೆಗೆದುಕೊಳ್ಳಲಿಲ್ಲ. ನೀನೇ ಓದು ಎಂದ. ಕೌಸು ಅಕ್ಷರಕ್ಕೆ ಅಕ್ಷರ ಕೂಡಿಸಿ ಮರಣದ ಪುಟ ಓದಿದಳು. ಅವನು ಕಣ್ಣು ಮುಚ್ಚಿಕೊಂಡೇ ಅಂದ: "ಬಸ್ಸಿನ ಟೈಮ್ ಹೇಳ್ತಿದ್ದೀಯಾ? ಸತ್ತೋರು ಕಣೇ ಅವರು. ಒಂದೊಂದು ಹೆಸರಿಗೂ ಸ್ವಲ್ಪ ನಿಲ್ಲು."

ಅದು ಅವನು ಅವಳಿಗೆ ಹೇಳಿದ ಕೊನೆಯ ಮಾತು. ಮೊನ್ನೆ ಮಧ್ಯಾಹ್ನ ಅದೇ ಕುರ್ಚಿಯಲ್ಲಿ ಹೋದ. ಹೃದಯ ಎಂದರು ಡಾಕ್ಟರು. ಕೌಸುವಿನ ಬಳಿ ಅದಕ್ಕೆ ಬೇರೆ ಹೆಸರಿತ್ತು.

ಈಗ ಅದೇ ಶೆಡ್ಡಿನಲ್ಲಿ, ಕೆಲಸ ಶುರುವಾಗುವ ಮೊದಲು, ಸಂತಾಪ ಸಭೆ. ಮೊರಗಳನ್ನು ಗೋಡೆಗೆ ಒರಗಿಸಿ, ಹೆಂಗಸರನ್ನು ನೆಲದ ಮೇಲೆ ಕೂರಿಸಿ, ಮುಂದೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಎಲ್ಲ ಪಾರ್ಟಿಯವರೂ ಬಂದಿದ್ದರು. ಕಣ್ಣೂರಿನಲ್ಲಿ ಬದುಕಿದ್ದವರ ಬಗ್ಗೆ ಒಮ್ಮತ ಬರುವುದು ಕಷ್ಟ, ಸತ್ತವರ ವಿಷಯದಲ್ಲಿ ತಕರಾರಿಲ್ಲ.

ಕೌಸು ಕೂರುವ ಮೊದಲು ಭರತನ್‌ನನ್ನು ಹುಡುಕಿದಳು. ಅವನು ಎಲೆಯ ಗೋಣಿಗಳ ಹಿಂದೆ, ಯಾರ ಕಣ್ಣಿಗೂ ಬೀಳದ ಹಾಗೆ ನಿಂತಿದ್ದ.

"ಇವತ್ತು ಯಾರ ಕೈ ಗುರುತು ಹಿಡೀತಿದ್ದೀರಿ ಭರತೇಟ್ಟ? ಆ ಹೂಮಾಲೆ ಕಟ್ಟಿದ್ದು ಒಬ್ಬರದೇ ಕೈಯಾ, ನೋಡಿ ಹೇಳಿ."

"ಕೌಸೂ, ಅವತ್ತು ಸುಗತನ್ ನನ್ನ ಪಕ್ಕದಲ್ಲೇ ನಿಂತಿದ್ದ."

"ನಿಮ್ಮ ಪಕ್ಕದಲ್ಲಿ ಪವಿತ್ರೇಟ್ಟನೂ ನಿಂತಿದ್ರು. ಅವರ ಮದುವೆಗೆ ನೀವು ಛತ್ರಿ ಹಿಡಿದಿದ್ರಿ."

ಭರತನ್ ಗೋಣಿಯಿಂದ ಹೊರಬಂದಿದ್ದ ಒಂದು ಎಲೆಯನ್ನು ಒಳಗೆ ತುರುಕಿದ. ಆಮೇಲೆ, ಅವನಿಗೂ ಸಿಟ್ಟಿತ್ತು ಎಂದು ಅವಳಿಗೆ ಗೊತ್ತಾಗುವ ದನಿಯಲ್ಲಿ, "ಇಷ್ಟು ಜನ ಇದ್ದಿರಲ್ಲ," ಎಂದ. "ನಿಮ್ಮಲ್ಲಿ ಒಬ್ಬಳಿಗಾದರೂ ಒಂದು ಕೆಟ್ಟ ಬೀಡಿ ಹಾಕಬೇಕು ಅಂತ ಹೊಳೀಲಿಲ್ವಾ? ಒಂದೇ ಒಂದು ಸಿಕ್ಕಿದ್ರೆ ಅದನ್ನ ಮುರಿದು, ಬಾಕಿದ್ದು ಸರಿ ಅಂತ ತಳ್ಳಿಬಿಡ್ತಿದ್ದೆ. ಒಂದೂ ತಪ್ಪಿಲ್ಲದ್ದನ್ನ ಅವನ ಕೈಯದು ಅಂದ್ರೆ ಯಾರು ನಂಬ್ತಿದ್ರು? ಮದುವೆ ಹೆಣ್ಣಿನ ಹಾಗೆ ಸಿಂಗಾರ ಮಾಡಿ ಕಳಿಸಿದ್ರಿ."

ಕೌಸುವನ್ನು ಕರೆಯಲು ಬಂದ ನಳಿನಿಯ ಕಿವಿಗೂ ಅದು ಬಿತ್ತು. ಆ ಮಾತು ನಿಜವಾಗಿದ್ದರಿಂದ ಕೌಸುವಿನ ಸಿಟ್ಟು ಇನ್ನಷ್ಟು ಏರಿತು. ಆ ತಿಂಗಳು ಅವಳದೇ ಬೀಡಿಗಳನ್ನು ಭರತನ್ ವಾಪಸು ಕೊಟ್ಟಿದ್ದ, ವಿಪರೀತ ಬಿಗಿ ಎಂದು. ಸೇದುವವನು ಎಷ್ಟು ಎಳೆದರೂ ಹೊಗೆ ಬರುವುದಿಲ್ಲ, ಕೆನ್ನೆ ಒಳಗೆ ಹೋಗುತ್ತದೆ ಅಷ್ಟೆ. ಈಗ ಅವಳ ಎದೆಯೊಳಗೂ ಅಂಥದ್ದೇ ಒಂದು ಇತ್ತು. ಅವಳಿಗೆ ಬೇಕಾಗಿದ್ದದ್ದು ಇಷ್ಟೆ: ಆ ಮನುಷ್ಯನಿಗೆ ಏನು ಮಾಡಿದರು ಎಂಬುದನ್ನು, ಅದನ್ನು ಮಾಡಿದ ಜಾಗದಲ್ಲೇ, ಯಾರಾದರೂ ಒಮ್ಮೆ ಗಟ್ಟಿಯಾಗಿ ಹೇಳಬೇಕು. ಹೇಳದೆ ಈ ಸಭೆ ಮುಗಿದರೆ ಅವನು ನಿಜವಾಗಿ ಆ ಗುರುತಿನ ಚೀಟಿಯವನೇ ಆಗಿಹೋಗುತ್ತಾನೆ.

ಭಾಷಣಗಳಾದವು. ಒಬ್ಬರು ಪವಿತ್ರನ್ ಪಾರ್ಟಿಯ ನಿಷ್ಠಾವಂತ ಎಂದರು. ಇನ್ನೊಬ್ಬರು ಪಾರ್ಟಿಗಳನ್ನು ಮೀರಿದವ ಎಂದರು. ಮೂರನೆಯವರು ಹೆಸರು ನೆನಪಾಗದೆ, ಭಾಷಣದುದ್ದಕ್ಕೂ 'ನಮ್ಮ ಈ ಗೆಳೆಯ' ಎನ್ನುತ್ತ, ಪ್ರತಿ ಸಲವೂ ಬಾಗಿಲಾಚೆಯ ಫ್ಲೆಕ್ಸಿನ ಕಡೆ ಕತ್ತು ಚಾಚಿದರು. ಕೊನೆಗೆ ಸುಗತನ್ ಮೈಕು ಹಿಡಿದ. ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಕೌಸುವಿಗೆ ಸಹಿಸಲಾಗದ್ದು ಅದೇ. ಪವಿತ್ರೇಟ್ಟನ ದನಿ ಈ ಗೋಡೆಗಳಲ್ಲಿ ಎಂದಿಗೂ ಇರುತ್ತದೆ ಎಂದ. ಗೋಡೆಯ ಸ್ಪೀಕರಿಗೆ ಇಂದಿನಿಂದ ಪವಿತ್ರನ್ ಸ್ಮಾರಕ ಧ್ವನಿವರ್ಧಕ ಎಂದು ಹೆಸರಿಡಲಾಗಿದೆ, ಹಿತ್ತಾಳೆಯ ಫಲಕ ಮುಂದಿನ ವಾರ ಬರುತ್ತದೆ ಎಂದ. ಈಗ ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸೋಣ ಎಂದ.

ಎಲ್ಲರೂ ಎದ್ದರು. ಕೌಸುವೂ ಎದ್ದಳು. ಆದರೆ ಅವಳು ನಿಲ್ಲಲಿಲ್ಲ, ನಡೆದಳು. ಸುಗತನ್‌ನ ಕುರ್ಚಿಯ ಮುಂದಿನ ಮೇಜಿನ ಮೇಲೆ ಅಂದಿನ ಪೇಪರು ಮಡಚಿಕೊಂಡಿತ್ತು. ಅದನ್ನು ಎತ್ತಿಕೊಂಡಳು. ಮೂಲೆಯಲ್ಲಿ ಧೂಳು ಹಿಡಿದಿದ್ದ ಸ್ಟೂಲನ್ನು ಕಾಲಿನಿಂದ ತಳ್ಳಿಕೊಂಡು ನಡುವಿಗೆ ತಂದಳು. ಅದು ನೆಲಕ್ಕೆ ಉಜ್ಜಿದ ಸದ್ದಿಗೆ ತಲೆ ಬಗ್ಗಿಸಿದ್ದವರೆಲ್ಲ ತಲೆ ಎತ್ತಿದರು. ಕೌಸು ಕೂತಳು. ಮರಣದ ಪುಟ ಬಿಡಿಸಿದಳು.

ಅವಳು ಓದತೊಡಗಿದಳು. ಮೊದಲು ಪಯ್ಯನ್ನೂರಿನ ನಿವೃತ್ತ ಮಾಸ್ತರರೊಬ್ಬರು, ಸ್ವಲ್ಪ ನಿಂತಳು. ಆಮೇಲೆ ತಲಶ್ಶೇರಿಯ ಒಬ್ಬ ಅಜ್ಜಿ, ಎಂಟು ಮಕ್ಕಳು, ಅಳಿಯಂದಿರಲ್ಲಿ ಇಬ್ಬರು ದುಬೈಯಲ್ಲಿ, ಮತ್ತೆ ನಿಂತಳು.

"ಕೌಸೇಚ್ಚಿ," ಎಂದ ಸುಗತನ್ ತಗ್ಗಿದ ದನಿಯಲ್ಲಿ, "ಮೌನ ನಡೀತಿದೆ."

"ನೀನು ಮಾಡಪ್ಪಾ. ನಿನ್ನ ಪಾಲಿಂದು ನೀನು ಮಾಡು, ನನ್ನ ಪಾಲಿಂದು ನಾನು ಮಾಡ್ತೀನಿ. ಅವರವರದು ಅವರವರೇ ಮಾಡಬೇಕು ಅಂದೋನು ನೀನೇ ಅಲ್ವಾ?"

ಕುರ್ಚಿಯ ಸಾಲಿನಲ್ಲಿ ಯಾರೋ ಕೆಮ್ಮಿದರು. ಪೇಪರಿನ ವರದಿಗಾರನೊಬ್ಬ ಬಾಗಿಲ ಬಳಿ ಇದ್ದ. ಸುಗತನ್ ಅವನನ್ನು ನೋಡಿ ಮೈಕು ಕೆಳಗಿಳಿಸಿದ. ಕೌಸು ಮುಂದಿನದನ್ನು ಓದಿದಳು.

"ಪವಿತ್ರನ್, ಅರವತ್ತೊಂದು. ಬೀಡಿ ಕಾರ್ಮಿಕ. ಹೃದಯಾಘಾತದಿಂದ ಸ್ವಗೃಹದಲ್ಲಿ." ಇಲ್ಲಿ ಅವಳು ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತಳು. ಆಮೇಲೆ ಪೇಪರು ಕೆಳಗಿಳಿಸಿದಳು. "ಇದು ತಪ್ಪು ಬರೆದಿದ್ದಾರೆ. ಅವರಿಗೆ ಬೀಡಿ ಕಟ್ಟೋಕೆ ಬರ್ತಿರಲಿಲ್ಲ. ಅವರು ಓದೋರು. ಅವರನ್ನ ಇದೇ ಸ್ಟೂಲಿನ ಮೇಲೆ, ಇದೇ ಜಾಗದಲ್ಲಿ ಕೂರಿಸಿ, ಕಟ್ಟಿ ತೋರಿಸಿ ಅಂದ್ರು. ಅಂದೋನು ಮೈಕ್ ಹಿಡ್ಕೊಂಡು ನಿಂತಿದ್ದಾನೆ. ಹಿಡಿದುಕೊಟ್ಟೋರು ಗೋಣಿ ಹಿಂದೆ ನಿಂತಿದ್ದಾರೆ. ಬಾಯಿ ಮುಚ್ಕೊಂಡು ನೋಡಿದ ನಾವು ಇಲ್ಲಿ ನಿಂತಿದ್ದೀವಿ. ಅವತ್ತೇ ಮುಗಿದುಹೋಯ್ತು ನಮ್ಮ ಮೌನಾಚರಣೆ. ಇನ್ನೊಂದು ಸಲ ಯಾಕೆ?"

ಕೌಸು ಪೇಪರು ಮತ್ತೆ ಎತ್ತಿ ಉಳಿದ ಹೆಸರುಗಳನ್ನು ಕೊನೆಯವರೆಗೆ ಓದಿದಳು. ಓದಿ, ಕನ್ನಡಕ ಇಲ್ಲದಿದ್ದರೂ ಇದ್ದವಳ ಹಾಗೆ ತಲೆ ಬಗ್ಗಿಸಿ ಇಡೀ ಶೆಡ್ಡನ್ನು ನೋಡಿದಳು.

"ಇವತ್ತು ನಮ್ಮವರು ಒಬ್ಬರಿದ್ದಾರೆ," ಎಂದಳು. "ಕತ್ತರಿ ಎತ್ತಿ."

ಮೊದಲು ಕೂತವಳು ನಳಿನಿ. ಕೆಳಗಿನ ತುಟಿ ಕಚ್ಚಿಕೊಂಡು, ಗೋಡೆಯಿಂದ ಮೊರ ತೆಗೆದು, ಒದ್ದೆ ಬಟ್ಟೆಯೊಳಗಿನ ಎಲೆ ಬಿಚ್ಚಿದಳು. ಒಂದು ಕತ್ತರಿ ಸದ್ದು ಮಾಡಿತು, ಆಮೇಲೆ ಎರಡು, ಆಮೇಲೆ ಮಳೆ ಹಿಡಿದ ಹಾಗೆ ಎಲ್ಲ. ಕುರ್ಚಿಯವರು ಸ್ವಲ್ಪ ಹೊತ್ತು ಹೇಗೆ ನಿಲ್ಲಬೇಕೆಂದು ತಿಳಿಯದೆ ನಿಂತು, ಬೇರೆ ಸಾವಿನ ಮನೆಗಳಿವೆ ಎಂದು ಹೇಳಿ ಹೊರಟರು. ಸ್ಪೀಕರ್ ಹಾಕಲು ಯಾರೂ ಏಳಲಿಲ್ಲ.

ಕೌಸು ಸಂಜೆಯವರೆಗೆ ಓದಿದಳು. ಚೆನ್ನಾಗಿ ಓದಲಿಲ್ಲ. ಹಣಕಾಸು ಮಂತ್ರಿಯ ಹೇಳಿಕೆಯಲ್ಲಿ ಎರಡು ಸಲ ದಾರಿ ತಪ್ಪಿ ಕ್ರೀಡಾಪುಟಕ್ಕೆ ಹೋದಳು. ದನಿ ಒಡೆಯಿತು; ಅಳುವಿನಿಂದಲ್ಲ, ಸಿಟ್ಟಿನಿಂದ. ಪೇಪರು ಮುಗಿದ ಮೇಲೆ ಜಾಹೀರಾತುಗಳನ್ನೂ ಓದಿದಳು, ಚಿನ್ನದಂಗಡಿಯದನ್ನು ಮೂಗಿನಲ್ಲಿ. ಆಗ ಶೆಡ್ಡು ನಕ್ಕಿತು. ನೀರಿಗೆ ಎದ್ದವರು, ಎಲೆಗೆ ಹೊರಟವರು ಅವಳ ಕಾಲ ಬಳಿಯ ಮೊರದ ಹತ್ತಿರ ಬಗ್ಗಿ ಮುಂದೆ ಹೋದರು. ಅವಳು ಕೆಳಗೆ ನೋಡಲಿಲ್ಲ.

ಸಂಜೆ ಸರದಿಯಲ್ಲಿ ಅವಳು ಮೊರ ಎತ್ತಿಕೊಂಡು ಭರತನ್‌ನ ಮೇಜಿನ ಮುಂದೆ ನಿಂತಳು. ಸುಗತನ್ ತನ್ನ ಕೋಣೆಯಿಂದ ಹೊರಬಂದು, ಆ ದಿನ ನಿಂತ ಹಾಗೆಯೇ, ಭರತನ್‌ನ ಪಕ್ಕದಲ್ಲಿ ನಿಂತ.

"ಬೆಳಿಗ್ಗೆಯಿಂದ ಓದಿದ್ದು ಇವರು. ಇದು ಯಾರದು?" ಎಂದು ಭರತನ್‌ನನ್ನು ಕೇಳಿದ.

ಭರತನ್ ಕಟ್ಟು ಎತ್ತಿದ. ತಿರುಗಿಸಿದ. ಅವನ ಬೆರಳು ಒಂದು ಕಡೆ ನಿಂತಿತು. ಎಳೆದು ತೆಗೆದ ಬೀಡಿ ನೋಡುವಂತಿತ್ತು. ಹೊಟ್ಟೆ ಮುಂದೆ ಬಂದು, ತಲೆ ಅರ್ಧ ತೆರೆದು, ನೂಲು ಸೊಂಟದಿಂದ ಜಾರಿ, ಕೂತರೆ ಏಳಲಾರದಂಥದ್ದು. ಇನ್ನೊಂದು ಕಟ್ಟು ಎತ್ತಿದ. ಅದರಲ್ಲೂ ಒಂದು. ಮೂರನೆಯದರಲ್ಲಿ ಎರಡು. ಇಡೀ ಶೆಡ್ಡು ಎಲೆಯ ಚೂರು ಗುಡಿಸುವ ನೆಪದಲ್ಲಿ ಇತ್ತಲೇ ನೋಡುತ್ತಿತ್ತು. ಭರತನ್ ಆ ಕೆಟ್ಟ ಬೀಡಿಗಳನ್ನು ಒಂದೊಂದಾಗಿ, ಎಲ್ಲರಿಗೂ ಕಾಣುವ ಹಾಗೆ ಮುರಿದು ಬದಿಗೆ ಹಾಕಿದ.

"ಒಬ್ಬರದೇ ಕೈ," ಎಂದ ಗಟ್ಟಿಯಾಗಿ. "ನಡುನಡುವೆ ಕೆಟ್ಟದ್ದಿದೆ. ಬಾಕಿದ್ದು ಸರಿಯಾಗಿದೆ."

ಸುಗತನ್ ಅವನ ಮುಖ ನೋಡಿದ. ಭರತನ್ ಮುಂದಿನವಳ ಮೊರಕ್ಕೆ ಕೈ ಚಾಚಿದ. ಸುಗತನ್ ಏನೋ ಹೇಳಲು ಹೊರಟು, ಸಾಲಿನಲ್ಲಿ ನಿಂತ ಹೆಂಗಸರ ಕಡೆ ಕಣ್ಣು ಹಾಯಿಸಿ, ಕೋಣೆಗೆ ಹಿಂದಿರುಗಿ ಬಾಗಿಲು ಮುಚ್ಚಿಕೊಂಡ. ನಾಳೆ ಅವನು ಇನ್ನೊಂದು ಸಭೆ ಕರೆಯುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಹೊರಗೆ ಕೈತೊಳೆಯುವಲ್ಲಿ ನಳಿನಿ ಗೊಣಗುತ್ತಿದ್ದಳು. "ಬೇಕಂತ ಕೆಟ್ಟದಾಗಿ ಕಟ್ಟೋದು ಎಷ್ಟು ಕಷ್ಟ ಗೊತ್ತಾ ಕೌಸೇಚ್ಚಿ? ಕೈ ಕೇಳೋದೇ ಇಲ್ಲ. ನಾಲ್ಕು ಕಟ್ಟಿ ಬಿಚ್ಚಿದೆ. ಆ ಪುಣ್ಯಾತ್ಮ ಹೇಗೆ ಕಟ್ತಿದ್ರೋ."

ಭರತನ್ ಗೇಟಿನ ಬಳಿ ಸೈಕಲ್ ಹಿಡಿದು ಕಾಯುತ್ತಿದ್ದ. ಕೌಸು ಹತ್ತಿರ ಬಂದಾಗ ಗಂಟಲು ಸರಿಮಾಡಿಕೊಂಡ. ಅವನಿಗೆ ಒಂದು ಮಾತು ಬೇಕಾಗಿತ್ತು ಎಂದು ಕೌಸುವಿಗೆ ಕಂಡಿತು. ದೊಡ್ಡದೇನೂ ಅಲ್ಲ, ನಡೆದುಹೋಗುವಾಗ ಆಡುವಂಥದ್ದು. ಅವಳು ಕೊಡಲಿಲ್ಲ. ಅವನ ಕಡೆ ನೋಡದೆ, ಫ್ಲೆಕ್ಸಿನ ಹಗ್ಗಕ್ಕೆ ಕೈ ಹಾಕಿದಳು. ಗಂಟು ಬಿಗಿಯಾಗಿತ್ತು. ಸೊಂಟದಿಂದ ಕತ್ತರಿ ತೆಗೆದು ಕೊಯ್ದಳು. ಬಾಯಿ ಮುಚ್ಚಿದ ಪವಿತ್ರನ್ ಒಂದು ಕಡೆಯಿಂದ ವಾಲಿದ. ಇನ್ನೊಂದು ಗಳುವಿನ ಗಂಟು ಎತ್ತರದಲ್ಲಿತ್ತು, ಅವಳಿಗೆ ಎಟುಕಲಿಲ್ಲ.

ಭರತನ್ ಸೈಕಲ್ಲನ್ನು ಗೋಡೆಗೆ ಒರಗಿಸಿ ಬಂದು, ಕೈ ಚಾಚಿದ. ಕೌಸು ಕತ್ತರಿ ಕೊಟ್ಟಳು, ಆ ಒಂದು ಮಾತು ಕೊಡಲಿಲ್ಲ.